ದೊರೆಯ ಮಡದಿ, ಆದರೆ ರಾಣಿಯಲ್ಲ

ಯೂರೋಪಿನ ಇತಿಹಾಸವನ್ನು ಓದುವಾಗ ಕೌಂಟೆಸ್, ಡಚೆಸ್, ಪ್ರಿನ್ಸೆಸ್ ಎಂಬ ಬಿರುದುಗಳು ಹೆಜ್ಜೆ ಹೆಜ್ಜೆಗೂ ಎದುರಾಗುತ್ತವೆ. ಇವು ಬರಿಯ ಅಲಂಕಾರದ ಮಾತುಗಳೆಂದು ನಾವು ದಾಟಿಬಿಡುವುದುಂಟು. ಆದರೆ ಜರ್ಮನ್ ಅರಸುಮನೆತನಗಳಲ್ಲಿ ಹೆಣ್ಣಿನ ಬಾಳನ್ನೇ ಅಳೆಯುವ ಕೋಲು ಆಕೆಯ ಬಿರುದಾಗಿತ್ತು. ಪ್ರಶ್ಯವನ್ನಾಳಿದ ಹೊಹೆನ್‌ಜಾಲರ್ನ್ ಮನೆತನದ ಎರಡು ಪ್ರಸಂಗಗಳಿಂದ ಇದನ್ನು ತಿಳಿಯಬಹುದು.

ಮೊದಲು ಬಿರುದುಗಳ ವಿಚಾರ. ಜರ್ಮನ್ ಭಾಷೆಯಲ್ಲಿ ಕೌಂಟನಿಗೆ 'ಗ್ರಾಫ್' ಎಂದು ಹೆಸರು. ಅವನ ಮಡದಿಯೂ ಮಗಳೂ 'ಗ್ರೇಫಿನ್'. ಅವನಿಗಿಂತ ಮೇಲಿನವನು 'ಫ್ಯೂರ್ಸ್ಟ್'. ಅವನ ಮಡದಿ 'ಫ್ಯೂರ್ಸ್ಟಿನ್'. ಗ್ರಾಫನಿಗಿಂತ ಕೆಳಗಿನ 'ಫ್ರೈಹೆರ್' ಮನೆಯಲ್ಲಿ ಮಡದಿ 'ಫ್ರೈಫ್ರೌ', ಮದುವೆಯಾಗದ ಮಗಳು 'ಫ್ರೈಇನ್'.

ಅರಸುಮನೆಗೆ ಇನ್ನೊಂದು ಕಟ್ಟುಪಾಡು. ವಧು ಸಮಾನ ಕುಲದವಳಾಗಿರಬೇಕು. ಅಲ್ಲವಾದರೆ 'ಎಡಗೈ ಮದುವೆ' ಎಂಬ ಪದ್ಧತಿಯಿತ್ತು. ಧರ್ಮದ ದೃಷ್ಟಿಯಲ್ಲಿ ಅದು ನಿಜವಾದ ಮದುವೆಯೇ. ಆದರೆ ಮಡದಿಗೆ ಗಂಡನ ಪದವಿಯಿಲ್ಲ, ಮಕ್ಕಳಿಗೆ ಸಿಂಹಾಸನದ ಹಕ್ಕಿಲ್ಲ. ನಮ್ಮಲ್ಲಿ ಹಲವು ಮಡದಿಯರ ನಡುವೆ ಒಬ್ಬಳು ಪಟ್ಟದರಸಿ. ಅಲ್ಲಿಯಾದರೋ ಒಬ್ಬಳೇ ಮಡದಿಯಾದರೂ ಪಟ್ಟವಿಲ್ಲ!

ರಾಣಿ ಲೂಯಿಸೆ 1810ರಲ್ಲಿ ತೀರಿಕೊಂಡ ಮೇಲೆ ದೊರೆ ಮೂರನೆಯ ಫ್ರೆಡರಿಕ್ ವಿಲಿಯಂ ಹದಿನಾಲ್ಕು ವರ್ಷ ಮರುಮದುವೆಯಾಗಲಿಲ್ಲ. 1824ರಲ್ಲಿ, ತನ್ನ 54ನೆಯ ವಯಸ್ಸಿನಲ್ಲಿ, 24 ವರ್ಷದ ಕೌಂಟೆಸ್ ಔಗುಸ್ಟೆ ಫಾನ್ ಹಾರಾಖ್ ಎಂಬವಳನ್ನು ಎಡಗೈ ಪದ್ಧತಿಯಂತೆ ವರಿಸಿದನು. ಆಕೆಗೆ 'ಲೀಗ್ನಿಟ್ಸ್‌ನ ಫ್ಯೂರ್ಸ್ಟಿನ್' ಎಂಬ ಬಿರುದು ಬಂದಿತು. ರಾಣಿಯ ಪಟ್ಟ ಬರಲಿಲ್ಲ. ಆಸ್ಥಾನದಲ್ಲಿ ದೊರೆಯ ಮಕ್ಕಳ ನಂತರವೇ ಆಕೆಯ ಸ್ಥಾನ. ದೊರೆ 1840ರಲ್ಲಿ ತೀರಿಕೊಂಡನು. ಆಕೆ 1873ರವರೆಗೆ ವಿಧವೆಯಾಗಿ ಬಾಳಿದಳು.

ಅದೇ ಕಾಲದಲ್ಲಿ ದೊರೆಯ ಎರಡನೆಯ ಮಗ ವಿಲಿಯಂ ಎಲಿಸಾ ರಾಡ್ಜಿವಿಲ್ ಎಂಬ ಪೋಲಿಷ್ ಪ್ರಿನ್ಸೆಸ್ಸಿಗೆ ಮನಸೋತಿದ್ದನು. ಆಕೆಯ ತಾಯಿ ಹೊಹೆನ್‌ಜಾಲರ್ನ್ ಮನೆಯ ಮಗಳೇ. ಆದರೂ ತಂದೆಯ ಕುಲ ಸಾಲದೆಂದು ತೀರ್ಮಾನವಾಯಿತು. ರಾಜಮನೆತನದವರೊಬ್ಬರು ಆಕೆಯನ್ನು ದತ್ತು ತೆಗೆದುಕೊಳ್ಳುವ ಉಪಾಯ ಹೂಡಿದರೆ, ದತ್ತಿನಿಂದ ರಕ್ತ ಬದಲಾಗದೆಂಬ ಉತ್ತರ ಬಂದಿತು. 1826ರಲ್ಲಿ ತಂದೆಯ ಆಜ್ಞೆಯಂತೆ ವಿಲಿಯಂ ಆಕೆಯ ಆಸೆಯನ್ನು ಬಿಟ್ಟನು. ಎಲಿಸಾ ಮದುವೆಯಾಗದೆ 1834ರಲ್ಲಿ ಕ್ಷಯರೋಗದಿಂದ ತೀರಿಕೊಂಡಳು. ವಿಲಿಯಂ 1829ರಲ್ಲಿ ಕೈಹಿಡಿದ ವೈಮಾರ್ ಮನೆತನದ ಔಗುಸ್ಟಾ 1861ರಲ್ಲಿ ರಾಣಿಯೂ 1871ರಲ್ಲಿ ಜರ್ಮನಿಯ ಸಾಮ್ರಾಜ್ಞಿಯೂ ಆದಳು.

ತಂದೆಗೊಂದು ನ್ಯಾಯ, ಮಗನಿಗೊಂದು ನ್ಯಾಯವೇ ಎಂದು ವಾಚಕರು ಕೇಳಬಹುದು. ತಂದೆಗೆ ಉತ್ತರಾಧಿಕಾರಿಗಳು ಆಗಲೇ ಇದ್ದರು. ಮಗನ ಮಕ್ಕಳಾದರೋ ಮುಂದೆ ಸಿಂಹಾಸನವೇರಬಹುದಾದವರು. ನಿಯಮ ಕಾಯುತ್ತಿದ್ದುದು ಸಿಂಹಾಸನವನ್ನು; ಬೆಲೆ ತೆತ್ತವರು ಇಬ್ಬರು ಹೆಂಗಸರು.

1918ರಲ್ಲಿ ಅರಸೊತ್ತಿಗೆ ಅಳಿಯಿತು. 1919ರ ಸಂವಿಧಾನವು ಇಂಥ ಬಿರುದುಗಳನ್ನು ಹೆಸರಿನ ಭಾಗ ಮಾತ್ರವೆಂದು ಸಾರಿತು. ಇಂದು ಆ ಮನೆತನದ ಹೆಣ್ಣುಮಗಳ ಹೆಸರಿನಲ್ಲಿ 'ಪ್ರಿನ್ಸೆಸ್' ಎಂದಿದ್ದರೆ ಅದು ಪದವಿಯಲ್ಲ, ನಮ್ಮ ನಿಮ್ಮ ಅಡ್ಡಹೆಸರಿನಂತೆಯೇ ಒಂದು ಅಡ್ಡಹೆಸರು.