ಗೋಡೆ ದಪ್ಪ, ಸಿಗ್ನಲ್ ತೆಳು

ಸಾಗರದ ಕಡೆ ಇರುವ ನಮ್ಮ ಮನೆಗೆ ಬಂದವರೆಲ್ಲ ಮೊದಲು ಹೇಳುವ ಮಾತು ಒಂದೇ, "ಅಬ್ಬಾ, ಎಷ್ಟು ದೊಡ್ಡ ಮನೆ!" ಜಗಲಿ, ನಡುಮನೆ, ದೇವರ ಕೋಣೆ, ಅಡುಗೆಮನೆ, ಅದರಾಚೆ ತೋಟದ ಕಡೆಗೆ ಮುಖ ಮಾಡಿದ ಉಪ್ಪರಿಗೆ. ಒಂದು ಕಾಲಕ್ಕೆ ಇಪ್ಪತ್ತೆರಡು ಜನ ಉಂಡು ಮಲಗುತ್ತಿದ್ದ ಮನೆ. ಈಗ ಮಾವ, ನಮ್ಮ ಯಜಮಾನರು ಮತ್ತು ನಾನು, ಮೂರೇ ಜನ. ಸಂಜೆಯಾದರೆ ದೀಪ ಹಾಕದ ಕೋಣೆಗಳೇ ಜಾಸ್ತಿ.

ಹಾಗಾಗಿ ಬೆಂಗಳೂರಿನಲ್ಲಿದ್ದ ಮಗ ಫೋನ್ ಮಾಡಿ, "ಅಮ್ಮಾ, ಮನೆಯಿಂದಲೇ ಕೆಲಸ ಮಾಡಬಹುದು ಅಂದಿದಾರೆ. ಒಂದು ತಿಂಗಳು ನೋಡ್ತಾರಂತೆ. ನೆಟ್ ಸರಿ ಇದ್ರೆ ಊರಲ್ಲೇ ಇರ್ತೀನಿ" ಎಂದಾಗ ನನಗಾದ ಖುಷಿ ಅಷ್ಟಿಷ್ಟಲ್ಲ. ಊರಿಗೆ ಫೈಬರ್ ಬಂದಿತ್ತು, ಜಗಲಿಯಲ್ಲಿ ರೂಟರ್ ಕೂತಿತ್ತು. ಇನ್ನೇನು ಬೇಕು ಅಂದುಕೊಂಡೆ.

ಬೇಕಾಗಿದ್ದು ಬಹಳವಿತ್ತು. ಜಗಲಿಯಲ್ಲಿ ಓಡುವ ನೆಟ್ ನಡುಮನೆಗೆ ಬರುವಾಗ ಕುಂಟುತ್ತಿತ್ತು, ಉಪ್ಪರಿಗೆಗೆ ಹತ್ತುತ್ತಲೇ ಇರಲಿಲ್ಲ. ನಮ್ಮದು ಜಂಬಿಟ್ಟಿಗೆ ಗೋಡೆ, ಒಂದೂವರೆ ಅಡಿ ದಪ್ಪ. ರೂಟರಿನಿಂದ ಉಪ್ಪರಿಗೆಗೆ ಅಂಥ ಮೂರು ಗೋಡೆ, ನಡುವೆ ಎರಡು ಕಬ್ಬಿಣದ ಬೀರು. ಈಗಿನ ರೂಟರುಗಳಲ್ಲಿ ಸಾಮಾನ್ಯವಾಗಿ ಎರಡು ಬಗೆಯ ಅಲೆಗಳಿರುತ್ತವೆ. 5 ಗಿಗಾಹರ್ಟ್ಸ್‌ನದ್ದಕ್ಕೆ ವೇಗ ಹೆಚ್ಚು, ಆದರೆ ಗೋಡೆ ಎದುರಾದರೆ ಬೇಗ ಸೋಲುತ್ತದೆ. 2.4 ಗಿಗಾಹರ್ಟ್ಸ್‌ನದ್ದು ಗೋಡೆಯನ್ನು ಸ್ವಲ್ಪ ಚೆನ್ನಾಗಿ ದಾಟುತ್ತದೆ, ವೇಗ ಮಾತ್ರ ಕಡಿಮೆ. ನಮ್ಮ ಗೋಡೆ ಎರಡಕ್ಕೂ ಜಗ್ಗಲಿಲ್ಲ.

ಮಗ ಜಗಲಿಯಲ್ಲೇ ಕೂತು ಮೀಟಿಂಗ್ ಶುರುಮಾಡಿದ. ಅಲ್ಲಿ ಮಾವನ ರೇಡಿಯೋ, ಕೊನೆಕೊಯ್ಲಿನ ಲೆಕ್ಕ ಕೇಳಲು ಬರುವವರು, "ತಮ್ಮಾ, ಯಾವಾಗ ಬಂದೆ?" ಎಂದು ಮಾತಿಗಿಳಿಯುವವರು. ಮೂರು ದಿನಕ್ಕೇ ಸಾಕಾಗಿ ಪೇಟೆಯಿಂದ ರಿಪೀಟರ್ ತಂದ. ನಡುಮನೆಯಲ್ಲಿ ಸಿಕ್ಕಿಸಿದ ಕೂಡಲೇ ಉಪ್ಪರಿಗೆಯಲ್ಲಿ ಸಿಗ್ನಲ್ ಕಡ್ಡಿಗಳು ಪೂರ್ತಿ ಬಂದವು. ಆದರೆ ಆಫೀಸಿನವರಿಗೆ ಇವನ ಮಾತು ತುಂಡು ತುಂಡಾಗಿಯೇ ಕೇಳುತ್ತಿತ್ತು.

ಯಾಕೆಂದು ಆಮೇಲೆ ತಿಳಿಯಿತು. ಊಟದ ಪಂಕ್ತಿಯಲ್ಲಿ ಕೊನೆಯವರು ಕೇಳಿದ್ದನ್ನು ನಡುವೆ ಕೂತವನು ಬಡಿಸುವವರಿಗೆ ಕೂಗಿ ಹೇಳುತ್ತಾನಲ್ಲ, ರಿಪೀಟರ್ ಕೆಲಸವೂ ಅದೇ. ಅವನಿಗೇ ಅರ್ಧ ಕೇಳಿಸಿದ್ದರೆ ಎಷ್ಟು ಗಟ್ಟಿಯಾಗಿ ಕೂಗಿದರೂ ಅರ್ಧವೇ. ಮೇಲಾಗಿ ಕೇಳುವುದು, ಹೇಳುವುದು ಎರಡೂ ಒಂದೇ ಅಲೆಯಲ್ಲಾದರೆ ವೇಗ ಸುಮಾರು ಅರ್ಧಕ್ಕಿಳಿಯುತ್ತದೆ. ಪೂರ್ತಿ ಕಡ್ಡಿ ಕಂಡರೆ ರಿಪೀಟರ್ ಹತ್ತಿರ ಇದೆ ಎಂದರ್ಥ, ಅಷ್ಟೇ.

ಎರಡು ವಾರ ಕಳೆಯಿತು. ಒಂದು ರಾತ್ರಿ ಮಗ ಮೊಬೈಲಿನಲ್ಲಿ ಬೆಂಗಳೂರಿನ ಬಾಡಿಗೆ ರೂಮು ಹುಡುಕುತ್ತಿದ್ದುದನ್ನು ನೋಡಿದೆ. ನೋಡದವಳ ಹಾಗೆ ಹಾಲು ಇಟ್ಟು ಬಂದೆ.

ಮರುದಿನ ಪಂಪ್ ರಿಪೇರಿಗೆ ಬಂದ ವೈರಿಂಗ್ ಹುಡುಗನ ಹತ್ತಿರ ಈ ಮಾತು ತೆಗೆದೆ. "ಅಕ್ಕಾ, ಅಲೆ ದಾಟಲ್ಲ ಅಂದ್ರೆ ತಂತಿ ದಾಟಿಸ್ಬೇಕು. ರೂಟರಿಂದ ಉಪ್ಪರಿಗೆಗೆ ಒಂದು ಕೇಬಲ್ ಎಳೆದು, ಅಲ್ಲಿ ಇನ್ನೊಂದು ವೈಫೈ ಪೆಟ್ಟಿಗೆ ಇಡಿ" ಎಂದ. ಜಗಲಿಯಿಂದಲೇ ಮಾವನ ಧ್ವನಿ ಬಂತು, "ಅಪ್ಪ ಕಟ್ಟಿಸಿದ ಗೋಡೆ. ಡ್ರಿಲ್ ಮುಟ್ಟಿಸೂದು ಬೇಡ." ಎಂಬತ್ತಾರು ವರ್ಷದವರು. ಎದುರಾಡುವವರು ಯಾರು?

ಎರಡು ದಿನ ಅವರು ಆ ವಿಷಯ ಎತ್ತಲಿಲ್ಲ. ಮೂರನೇ ದಿನ ಬೆಳಿಗ್ಗೆ ಕೋಲೂರಿಕೊಂಡು ನಡುಮನೆಯ ಮೂಲೆಯಲ್ಲಿ ನಿಂತು ನನ್ನನ್ನು ಕರೆದರು. "ಅಲ್ಲಿ ನೋಡು ತೂತು. ಫೋನ್ ಬಂದಾಗ ಕೊರೆಸಿದ್ದು. ನಿನ್ನ ಅತ್ತೆಗೆ ಅಡುಗೆಮನೆಯಲ್ಲೂ ಒಂದು ಫೋನ್ ಬೇಕಿತ್ತು, ಮಗಳ ಹತ್ತಿರ ಮಾತಾಡೋಕೆ. ಮೂರೂ ಗೋಡೆಗೆ ಇದೆ." ಅತ್ತೆ ಹೋಗಿ ಒಂಬತ್ತು ವರ್ಷವಾಯಿತು. ಆ ತೂತು ಅಲ್ಲಿದೆ ಎಂಬುದೇ ನನಗೆ ಮರೆತುಹೋಗಿತ್ತು.

ಹಳೇ ಫೋನ್ ತಂತಿಯ ತುದಿಗೆ ಹೊಸ ಕೇಬಲ್ ಕಟ್ಟಿ ಎಳೆದರು. ಹಳೆಯದು ಹೊರಬಂತು, ಹೊಸದು ಒಳಹೋಯಿತು. ತುದಿಯ ಪ್ಲಗ್ ಹಾಕಿದ್ದು ಆಮೇಲೆ. ಅಡುಗೆಮನೆಯಿಂದ ಅಟ್ಟದ ಮೇಲೆ ಹಾಯಿಸಿ ಉಪ್ಪರಿಗೆ ಮುಟ್ಟಿಸುವಷ್ಟರಲ್ಲಿ ಸುಮಾರು 40 ಮೀಟರ್ ಹಿಡಿಯಿತು. ಕ್ಯಾಟ್ 6 ಕೇಬಲ್ 100 ಮೀಟರ್‌ವರೆಗೂ ಸೆಕೆಂಡಿಗೆ 1 ಗಿಗಾಬಿಟ್ ವೇಗ ಕೊಡುತ್ತದೆ. ನಮಗೆ ಧಾರಾಳವಾಯಿತು.

ಆಗ ಕಲಿತ ನಾಲ್ಕು ಮಾತು ನಿಮಗೂ ಉಪಯೋಗಕ್ಕೆ ಬಂದೀತು. ಕೇಬಲ್ ಕೊಳ್ಳುವಾಗ ಪೂರ್ತಿ ತಾಮ್ರದ್ದೇ ಕೇಳಿ. ಅಲ್ಯೂಮಿನಿಯಂ ಮೇಲೆ ತಾಮ್ರ ಲೇಪಿಸಿದ್ದು ಅಗ್ಗಕ್ಕೆ ಸಿಗುತ್ತದೆ, ಆದರೆ ಬೇಗ ಮುರಿಯುತ್ತದೆ. ಅಟ್ಟದಲ್ಲಿ ಇಲಿ ಇದ್ದರೆ ಪಿವಿಸಿ ಪೈಪಿನೊಳಗೆ ಹಾಯಿಸಿ. ಕರೆಂಟ್ ವೈರಿಗೆ ತಾಗಿಸಿಕೊಂಡು ಎಳೆಯಬೇಡಿ. ಸಾಧ್ಯವಾದರೆ ಒಂದರ ಜೊತೆ ಇನ್ನೊಂದನ್ನೂ ಎಳೆಸಿಡಿ, ಹೇಗಿದ್ದರೂ ಕೂಲಿ ಒಂದೇ.

ಉಪ್ಪರಿಗೆಯ ಪೆಟ್ಟಿಗೆಗೆ ವಿದ್ಯುತ್ತೂ ಅದೇ ಕೇಬಲ್ಲಿನಲ್ಲಿ ಹೋಗುತ್ತದೆ. ಇದಕ್ಕೆ ಪಿಒಇ ಎನ್ನುತ್ತಾರೆ. ಪೆಟ್ಟಿಗೆ ಕೊಳ್ಳುವಾಗಲೇ ಈ ಸೌಲಭ್ಯ ಇದೆಯೇ ಎಂದು ಕೇಳಬೇಕು. ಕರೆಂಟು ಹೋದರೂ ಜಗಲಿಯ ಒಂದೇ ಇನ್ವರ್ಟರ್ ಎರಡನ್ನೂ ನಡೆಸುತ್ತದೆ.

ನಮ್ಮ ಯಜಮಾನರು, "ಅಂಗಳದಾಚೆ ಅಡಿಕೆ ಮನೆಗೂ ಎಳೆದುಬಿಡು ಮಾರಾಯ" ಎಂದರು. ಹುಡುಗ ಒಪ್ಪಲಿಲ್ಲ. ಎರಡು ಕಟ್ಟಡಗಳ ನಡುವೆ ತಾಮ್ರದ ತಂತಿ ಎಳೆದರೆ ಗುಡುಗು ಸಿಡಿಲಿನ ಕಾಲದಲ್ಲಿ ಎರಡೂ ಕಡೆಯ ಸಾಮಾನು ಸುಡುವ ಭಯ. ಅಲ್ಲಿಗೆ ಬೇಕಾದರೆ ಫೈಬರ್ರೇ ಆಗಬೇಕು, ಗಾಜಿನ ಎಳೆಯಲ್ಲಿ ವಿದ್ಯುತ್ ಹರಿಯುವುದಿಲ್ಲ.

ಹಾಗಂತ ವೈಫೈ ಕೆಟ್ಟದ್ದು ಅಂತಲ್ಲ. ನನ್ನ ಮೊಬೈಲು ಅಡುಗೆಮನೆಯಿಂದ ಹಿತ್ತಿಲಿಗೆ ನನ್ನ ಜೊತೆ ಓಡಾಡಬೇಕು, ಅದಕ್ಕೆ ತಂತಿ ಕಟ್ಟಲಾದೀತೇ? ಗೋಡೆ ದಾಟುವ ಕೆಲಸ ತಂತಿಗೆ, ಕೋಣೆಯೊಳಗಿನ ಹತ್ತು ಹೆಜ್ಜೆ ವೈಫೈಗೆ. ಕೂತಲ್ಲೇ ಕೂರುವ ಕಂಪ್ಯೂಟರು, ಟಿವಿಗೆ ನೇರ ಕೇಬಲ್ ಇನ್ನೂ ಒಳ್ಳೆಯದು. ಬಾಡಿಗೆ ಮನೆಯವರು ಗೋಡೆ ಮುಟ್ಟುವ ಹಾಗಿಲ್ಲ. ಅವರು ಮೆಶ್ ವೈಫೈ ತಂದರೂ ಎರಡನೇ ಪೆಟ್ಟಿಗೆಯನ್ನು ಸಿಗ್ನಲ್ ಸತ್ತ ಜಾಗದಲ್ಲಿಡದೆ, ಇನ್ನೂ ಚೆನ್ನಾಗಿರುವ ಜಾಗದಲ್ಲಿಡಬೇಕು. ಹೊಸ ಮನೆ ಕಟ್ಟುವವರಂತೂ ಗಾರೆ ಆಗುವ ಮೊದಲೇ ಕೋಣೆಗೊಂದು ಖಾಲಿ ಪೈಪ್ ಹಾಕಿಸಿಡಿ.

ತಿಂಗಳು ಮುಗಿಯಿತು. ಆಫೀಸಿನವರು ಒಪ್ಪಿದರು, ಮಗ ಇಲ್ಲೇ ಉಳಿದ. ಈಗ ಸಂಜೆ ಉಪ್ಪರಿಗೆಯಲ್ಲಿ ದೀಪ ಉರಿಯುತ್ತದೆ. ಎಂಟು ಗಂಟೆಯಾದರೆ ಮಾವ ಕೆಳಗಿನಿಂದ ಕೇಳುತ್ತಾರೆ, "ಅವನ ಆಫೀಸು ಬಿಟ್ಟಿತಾ? ಊಟಕ್ಕೆ ಕರಿ."