ಅಗೆತವನ್ನು ಕಲಿಸುವ ಶಾಲೆ

ನೆಲವನ್ನು ಅಗೆಯುವುದು ಯಾರಿಗೆ ಬಾರದ ವಿದ್ಯೆ? ಬಾವಿ ತೋಡುವವರೂ ಅಸ್ತಿಭಾರ ಹಾಕುವವರೂ ನಿತ್ಯವೂ ಅಗೆಯುತ್ತಾರೆ. ನಿಧಿಯ ಆಸೆ ಹತ್ತಿದವರು ಇರುಳಿನಲ್ಲಿ ಅಗೆಯುತ್ತಾರೆ. ಹೀಗಿರಲು ಅಗೆತವನ್ನು ಕಲಿಸುವುದಕ್ಕೆ ಒಂದು ಶಾಲೆ ಏಕೆ ಬೇಕೆಂದು ವಾಚಕರು ಕೇಳಬಹುದು.

ಅಂಥ ಶಾಲೆಯೊಂದು 1944ರಲ್ಲಿ, ಇಂದು ಪಾಕಿಸ್ತಾನಕ್ಕೆ ಸೇರಿರುವ ತಕ್ಷಶಿಲೆಯ ಪುರಾತನ ದಿಬ್ಬಗಳ ನಡುವೆ ನಡೆಯಿತು. ಆ ವರ್ಷವೇ ಭಾರತದ ಪುರಾತತ್ತ್ವ ಇಲಾಖೆಯ ಮಹಾನಿರ್ದೇಶಕರಾಗಿ ಬಂದಿದ್ದ ಮಾರ್ಟಿಮರ್ ವ್ಹೀಲರ್ ಅವರು ಇಲಾಖೆಯ ತರುಣರನ್ನೂ ವಿಶ್ವವಿದ್ಯಾಲಯಗಳ ವಿದ್ಯಾರ್ಥಿಗಳನ್ನೂ ಅಲ್ಲಿ ಕೂಡಿಸಿ ಗುಂಡಿಯೊಳಗೇ ಪಾಠ ಹೇಳಿದರು.

ಚಿನ್ನದ ನಾಣ್ಯದ ಕನಸು ಹೊತ್ತು ಇಂಥ ಶಾಲೆಗೆ ಬರುವ ವಿದ್ಯಾರ್ಥಿಗೆ ಮೊದಲು ಸಿಗುವುದು ಗೂಟ, ದಾರ, ಅಳತೆಪಟ್ಟಿಗಳು. ನೆಲವನ್ನು ಚೌಕಗಳಾಗಿ ಗುರುತಿಸಿ, ಚೌಕಕ್ಕೂ ಚೌಕಕ್ಕೂ ನಡುವೆ ಅಗೆಯದ ಮಣ್ಣಿನ ಗೋಡೆಯೊಂದನ್ನು ಉಳಿಸಿಕೊಳ್ಳಬೇಕು. ಗುಂಡಿ ಆಳವಾದಂತೆ ಈ ಗೋಡೆಯ ಮೈಯಲ್ಲಿ ಮಣ್ಣಿನ ಪದರಗಳು ಕಾಣುತ್ತವೆ: ಇಲ್ಲಿ ಬೂದಿ, ಅದರ ಕೆಳಗೆ ತುಳಿದು ಗಟ್ಟಿಯಾದ ಮನೆಯ ನೆಲ, ಇನ್ನೂ ಕೆಳಗೆ ನೆರೆ ತಂದ ಮರಳು. ಕರಣೆಯಿಂದ ಗೋಡೆಯನ್ನು ಹೆರೆದು ನಯಮಾಡಿ, ಪ್ರತಿಯೊಂದು ಪದರಕ್ಕೂ ಸಂಖ್ಯೆ ಕೊಟ್ಟು, ಅಳತೆಗೆ ಸರಿಯಾಗಿ ಕಾಗದದ ಮೇಲೆ ಚಿತ್ರಿಸಬೇಕು. ಹೊಸಬನ ಕಣ್ಣಿಗೆ ಎಲ್ಲ ಮಣ್ಣೂ ಒಂದೇ. ಬಣ್ಣದ, ಗಡಸಿನ, ತೇವದ ಸೂಕ್ಷ್ಮ ಭೇದಗಳು ತಿಳಿಯಲು ವಾರಗಳೇ ಹಿಡಿಯುತ್ತವೆ.

ಆಳವನ್ನಷ್ಟೇ ಅಳೆದರೆ ಸಾಲದೆ? ಸಾಲದು. ಸಾವಿರ ವರ್ಷ ಹಳೆಯ ನೆಲದಲ್ಲಿ ನಮ್ಮ ಅಜ್ಜನ ಕಾಲದವರು ಕಸ ಹಾಕಲು ಒಂದು ಗುಂಡಿ ತೋಡಿದ್ದರೆನ್ನೋಣ. ಅದರ ತಳದಲ್ಲಿ ಬಿದ್ದ ಕಾಸು, ಪಕ್ಕದ ಪುರಾತನ ಮಡಕೆಗಿಂತಲೂ ಆಳದಲ್ಲಿರುತ್ತದೆ. ಅಳತೆಪಟ್ಟಿಯನ್ನು ನಂಬಿದವನು ಕಾಸೇ ಹಳೆಯದೆಂದು ತೀರ್ಮಾನಿಸುವನು. ಗುಂಡಿಯ ಅಂಚನ್ನು ಗುರುತಿಸಬಲ್ಲವನು ಮಾತ್ರ ಮೋಸಹೋಗನು.

ಮಡಕೆಯ ಚೂರುಗಳ ವಿಷಯದಲ್ಲಿಯೂ ಇದೇ ಎಚ್ಚರಿಕೆ. ಒಂದು ಪದರದ ಚೂರು ಮತ್ತೊಂದರ ಬುಟ್ಟಿಗೆ ಬಿದ್ದರೆ ಅದು ಬರಿಯ ಓಡು. ಆದ್ದರಿಂದ ಚೂರುಗಳನ್ನು ತೊಳೆದು, ಒಣಗಿಸಿ, ಒಂದೊಂದರ ಮೇಲೂ ಪದರದ ಸಂಖ್ಯೆಯನ್ನು ಶಾಯಿಯಿಂದ ಬರೆಯುತ್ತಾರೆ. ಟಿಪ್ಪಣಿಯನ್ನೂ ಗುಂಡಿಯ ಬಳಿಯೇ ಬರೆಯಬೇಕು. ಸಂಜೆ ಬಿಡಾರದಲ್ಲಿ ಕುಳಿತು ನೆನಪಿನಿಂದ ಬರೆದುದಕ್ಕೆ ಅಷ್ಟು ಬೆಲೆಯಿಲ್ಲ.

ಇಷ್ಟು ಕಟ್ಟುನಿಟ್ಟಿಗೆ ಬಲವಾದ ಕಾರಣವುಂಟು. ರಸಾಯನಶಾಸ್ತ್ರದ ವಿದ್ಯಾರ್ಥಿ ಪ್ರಯೋಗದಲ್ಲಿ ತಪ್ಪಿದರೆ ನಾಳೆ ಮತ್ತೆ ಮಾಡಬಹುದು. ಅಗೆದ ಮಣ್ಣನ್ನು ಮರಳಿ ಪದರ ಪದರವಾಗಿ ಜೋಡಿಸುವುದು ಯಾರಿಂದಲೂ ಆಗದು. ಉತ್ಖನನವೆಂದರೆ ಓದುತ್ತ ಓದುತ್ತ ಪುಟಗಳನ್ನು ಸುಟ್ಟುಹಾಕಿದಂತೆ. ಉಳಿಯುವುದು ಓದಿದವನು ಬರೆದಿಟ್ಟುಕೊಂಡದ್ದಷ್ಟೇ.

ಹಾಗೆ ಬರೆದಿಟ್ಟುದರ ಬೆಲೆ ಎಷ್ಟೆಂಬುದಕ್ಕೆ ನಮ್ಮ ನಾಡಿನಲ್ಲಿಯೇ ನಿದರ್ಶನವಿದೆ. 1945ರಲ್ಲಿ ಪುದುಚೇರಿಯ ಬಳಿಯ ಅರಿಕಮೇಡಿನಲ್ಲಿ ವ್ಹೀಲರ್ ಅವರು ಅಗೆದಾಗ, ಚುಕ್ಕೆಸಾಲು ಒತ್ತಿದ ಒಂದು ಬಗೆಯ ತಟ್ಟೆಗಳು ಇಟಲಿಯ ಕೆಂಪು ಮಣ್ಪಾತ್ರೆಗಳ ಜೊತೆಗೆ ದೊರೆತವು. ಇಟಲಿಯ ಪಾತ್ರೆಗಳ ಕಾಲ ತಿಳಿದಿದ್ದುದರಿಂದ ಈ ತಟ್ಟೆಗಳನ್ನು ಕ್ರಿ.ಶ. 1ನೆಯ ಶತಮಾನದ ಸುಮಾರಿಗೆ ಸೇರಿಸಲಾಯಿತು. 1947ರಲ್ಲಿ ಅವರು ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯಲ್ಲಿ ಅಗೆಸಿದಾಗ ಅದೇ ಬಗೆಯ ತಟ್ಟೆಯ ಚೂರುಗಳು ಮೇಲಿನ ಪದರದಲ್ಲಿ ಸಿಕ್ಕವು. ಅದರ ಕೆಳಗೆ ಕಬ್ಬಿಣವನ್ನು ಬಳಸಿ, ಬಂಡೆಗಳಿಂದ ಗೋರಿ ಕಟ್ಟಿದ ಜನರ ಪದರ. ಎಲ್ಲಕ್ಕಿಂತ ಕೆಳಗೆ ನಯಗೊಳಿಸಿದ ಕಲ್ಲುಕೊಡಲಿಯವರ ಪದರ. ತಟ್ಟೆಯ ಕಾಲವನ್ನು ಆಧಾರವಾಗಿಟ್ಟುಕೊಂಡು ಅವರು ಕೆಳಗೆ ಎಣಿಸಿದರು: ಗೋರಿಗಳ ಆರಂಭ ಕ್ರಿ.ಪೂ. 200ರ ಸುಮಾರು, ಕಲ್ಲುಕೊಡಲಿಯವರದು ಕ್ರಿ.ಪೂ. 1ನೆಯ ಸಹಸ್ರಮಾನದ ಆದಿಭಾಗ.

ಈ ಲೆಕ್ಕ ನಿಲ್ಲಲಿಲ್ಲ. 1949ರಲ್ಲಿ ವಿಲ್ಲರ್ಡ್ ಲಿಬ್ಬಿ ಮತ್ತು ಅವರ ಸಂಗಡಿಗರು ಇಂಗಾಲ-14ರ ವಿಧಾನವನ್ನು ಪ್ರಕಟಿಸಿದರು. ಜೀವಿ ಸತ್ತ ಮೇಲೆ ಅದರಲ್ಲಿರುವ ಈ ವಿಕಿರಣಶೀಲ ಇಂಗಾಲವು ಸುಮಾರು 5,730 ವರ್ಷಗಳಲ್ಲಿ ಅರ್ಧಕ್ಕಿಳಿಯುತ್ತದೆ. ಉಳಿದುದನ್ನು ಅಳೆದರೆ ಇದ್ದಿಲಿನ ವಯಸ್ಸು ತಿಳಿಯುತ್ತದೆ. ಮುಂದೆ ದಕ್ಷಿಣದ ಅನೇಕ ನೆಲೆಗಳ ಇದ್ದಿಲನ್ನು ಹೀಗೆ ಪರೀಕ್ಷಿಸಿದಾಗ, ಕಲ್ಲುಕೊಡಲಿಯವರ ಸಂಸ್ಕೃತಿ ಕ್ರಿ.ಪೂ. 3ನೆಯ ಸಹಸ್ರಮಾನದಷ್ಟು ಹಿಂದಿನದೆಂದು ತಿಳಿಯಿತು; ಕಬ್ಬಿಣದವರ ಕಾಲವೂ ಹಲವು ಶತಮಾನ ಹಿಂದೆ ಸರಿಯಿತು.

ವರ್ಷಗಳು ಬದಲಾದವು, ಪದರಗಳ ಕ್ರಮ ಬದಲಾಗಲಿಲ್ಲ. ಯಾವುದು ಮೇಲೆ, ಯಾವುದು ಕೆಳಗೆ ಎಂಬುದನ್ನು ಗುಂಡಿಯಲ್ಲಿ ನಿಂತವರು ಸರಿಯಾಗಿ ಬರೆದಿದ್ದುದರಿಂದಲೇ ಆಚಾರ್ಯರ ಎಣಿಕೆಯ ತಪ್ಪನ್ನು ಮುಂದಿನವರು ತಿದ್ದಲು ಸಾಧ್ಯವಾಯಿತು. ತಕ್ಷಶಿಲೆಯಲ್ಲಿ ಕಲಿತ ಬಿ. ಕೆ. ಥಾಪರ್ ಅವರು 1954ರಲ್ಲಿ ರಾಯಚೂರು ಜಿಲ್ಲೆಯ ಮಸ್ಕಿಯನ್ನು ಅಗೆದರು, ಬಿ. ಬಿ. ಲಾಲ್ ಅವರು 1950ರಿಂದ 1952ರವರೆಗೆ ಹಸ್ತಿನಾಪುರದಲ್ಲಿ ಅಗೆದರು. ಶಾಲೆಯ ಪಾಠ ಹೀಗೆ ನೆಲದಿಂದ ನೆಲಕ್ಕೆ ಹಬ್ಬಿತು.

ಆದುದರಿಂದ ಬಿಸಿಲಿನಲ್ಲಿ ಕುಳಿತು ಚೂರಿಗೆ ಸಂಖ್ಯೆ ಬರೆಯುವ ವಿದ್ಯಾರ್ಥಿಗೆ ನಾಣ್ಯ ಸಿಗಲಿಲ್ಲವೆಂಬ ಕೊರಗು ಬೇಡ. ತನ್ನ ಗುರುವಿನ ತಪ್ಪನ್ನೂ ಮುಂದೆ ತಿದ್ದಬಲ್ಲ ಸಾಕ್ಷ್ಯವನ್ನು ಆತ ಕಾಪಾಡುತ್ತಿದ್ದಾನೆ.