ಯಜಮಾನರು ಇರುವಾಗಲೇ ಪಾಲಿನ ಮಾತು ಆಗಲಿ

ನಮ್ಮಪ್ಪ ಸಾಲ ಮಾಡಿದವರಲ್ಲ. ಅವರು ತೀರಿಕೊಂಡ ಮೇಲೆ ಮೊದಲ ಸಲ ಬೆಳೆಸಾಲಕ್ಕೆಂದು ನಾನು ಸೊಸೈಟಿಗೆ ಹೋದೆ. ಆರ್‌ಟಿಸಿ ನೋಡಿದ ಕಾರ್ಯದರ್ಶಿಗಳು, "ಇದರಲ್ಲಿ ನಿಮ್ಮ ಹೆಸರೂ ಇಲ್ಲ, ಅಪ್ಪನದ್ದೂ ಇಲ್ಲವಲ್ಲ?" ಅಂದರು. ಜಾಗ ಇನ್ನೂ ಅಜ್ಜನ ಹೆಸರಲ್ಲಿತ್ತು. ಅಜ್ಜ ಹೋದದ್ದು 1981ರಲ್ಲಿ! ಅಷ್ಟು ವರ್ಷ ತೀರ್ವೆ ಕಟ್ಟಿ ಅಡಿಕೆ ಕೊಯ್ದದ್ದೇ ಹೊರತು ಖಾತೆ ಬದಲಿಸುವ ಗೋಜಿಗೆ ನಾವು ಹೋಗಿರಲಿಲ್ಲ.

ಪೌತಿ ಖಾತೆಗೆ ಮರಣ ಪತ್ರ, ವಂಶವೃಕ್ಷ ಬೇಕು. ಅಜ್ಜನ ಮರಣ ದಾಖಲಾಗಿರಲೇ ಇಲ್ಲ. ಅದಕ್ಕೇ ಬೇರೆ ಓಡಾಟ. ವಂಶವೃಕ್ಷ ಬರೆಯುವಾಗ ದೊಡ್ಡಪ್ಪ, ಇಬ್ಬರು ಅತ್ತೆಯಂದಿರು ಬಂದರು. ದೊಡ್ಡತ್ತೆ ಈಗಿಲ್ಲ, ಅವರ ಮೂವರು ಮಕ್ಕಳಲ್ಲಿ ಒಬ್ಬ ಮುಂಬೈಯಲ್ಲಿ. "ನಮಗೇನು ಕೊಡ್ತೀರಿ?" ಎಂದು ಆತ ಕೇಳಿದ. ಕೇಳಿದ್ದು ತಪ್ಪಲ್ಲ, ಅವನಿಗೆ ಹಕ್ಕಿತ್ತು. ಎಲ್ಲ ಮುಗಿಯಲು ಎರಡು ವರ್ಷ ಹಿಡಿಯಿತು. ಸಣ್ಣತ್ತೆ ರುಜು ಹಾಕುತ್ತಾ, "ಅಣ್ಣ ಇರುವಾಗ ಒಂದು ಮಾತು ಕೇಳಿದ್ದರೆ ಸಾಕಿತ್ತು ಮಗಾ" ಅಂದದ್ದು ಖರ್ಚಿಗಿಂತ ಹೆಚ್ಚು ನೋಯಿಸಿತು.

ಸತ್ತವರ ಆಸ್ತಿಗೆ ನಮ್ಮ ದೇಶದಲ್ಲೂ ಒಂದು ತೆರಿಗೆ ಇತ್ತು. 1953ರ ಎಸ್ಟೇಟ್ ಡ್ಯೂಟಿ ಕಾಯ್ದೆಯದು. 1985ರಲ್ಲಿ ಅದು ರದ್ದಾಯಿತು. ಈಗ ಸರಕಾರಕ್ಕೆ ಅಂಥ ತೆರಿಗೆ ಕಟ್ಟಬೇಕಾಗಿಲ್ಲ. ಆದರೆ ಬರೆದಿಡದ ತಪ್ಪಿಗೆ ನಾವೇ ನಮ್ಮ ಮೇಲೆ ತೆರಿಗೆ ಹಾಕಿಕೊಳ್ಳುತ್ತೇವೆ.

ಹಿಂದೂ ಕುಟುಂಬಗಳವರು ಇಷ್ಟು ತಿಳಿದಿರಬೇಕು. (ಮುಸ್ಲಿಂ, ಕ್ರೈಸ್ತರಿಗೆ ನಿಯಮ ಬೇರೆ.)

ಪಿತ್ರಾರ್ಜಿತದಲ್ಲಿ ಮಗಳಿಗೂ ಮಗನಷ್ಟೇ ಹಕ್ಕು. 2005ರ ತಿದ್ದುಪಡಿಯ ದಿನ ಅಪ್ಪ ಬದುಕಿರಲೇಬೇಕೆಂದಿಲ್ಲ ಎಂದು 2020ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. "ತಂಗಿ ಬೇಡ ಅಂದಿದ್ದಾಳೆ" ಎಂಬ ಬಾಯಿಮಾತು ಸಾಲದು. ಹಕ್ಕು ಬಿಡುವುದಾದರೆ ಆ ಪತ್ರ ನೋಂದಣಿ ಆಗಬೇಕು.

ವೀಲುನಾಮೆಗೆ ಛಾಪಾ ಕಾಗದ ಬೇಡ, ನೋಂದಣಿ ಕಡ್ಡಾಯವಲ್ಲ, ಮಾಡಿಸಿದರೆ ಒಳ್ಳೆಯದು. ಇಬ್ಬರು ಸಾಕ್ಷಿಗಳು ಬೇಕೇ ಬೇಕು. ಪಾಲು ಪಡೆಯುವವರು ಸಾಕ್ಷಿ ಆಗದಿರುವುದು ಲೇಸು. ಸ್ವಯಾರ್ಜಿತವನ್ನು ಇಷ್ಟ ಬಂದವರಿಗೆ ಬರೆಯಬಹುದು. ಪಿತ್ರಾರ್ಜಿತದಲ್ಲಿ ನಮ್ಮ ಪಾಲನ್ನು ಮಾತ್ರ. ಬದುಕಿರುವಷ್ಟು ದಿನ ಬದಲಿಸಲೂಬಹುದು.

ದಾನಪತ್ರ ಹಾಗಲ್ಲ. ಕೊಟ್ಟದ್ದನ್ನು ಹಿಂದೆ ಪಡೆಯುವುದು ಬಹಳ ಕಷ್ಟ. ಮಕ್ಕಳಿಗೆ ದಾನ ಬರೆಯುವ ಹಿರಿಯರು "ನನ್ನನ್ನು ನೋಡಿಕೊಳ್ಳಬೇಕು" ಎಂಬ ಷರತ್ತನ್ನು ಪತ್ರದಲ್ಲೇ ಸೇರಿಸಲಿ. ಆಗ ಅವರಿಗೆ 2007ರ ಹಿರಿಯ ನಾಗರಿಕರ ಕಾಯ್ದೆಯ ಆಸರೆ ಇರುತ್ತದೆ.

ಇನ್ನೊಂದು ವಿಷಯ. ಖಾತೆಯಲ್ಲಿ ಹೆಸರು ಬಂದ ಮಾತ್ರಕ್ಕೆ ಪಾಲು ಆದಂತಲ್ಲ. ಬೇರೆ ಬೇರೆ ಆಗುವುದಿದ್ದರೆ ಅಳತೆ ಮಾಡಿಸಿ, ವಿಭಾಗಪತ್ರ ನೋಂದಾಯಿಸಿ. ನೀರಿನ ಕೆರೆ, ತೋಟಕ್ಕೆ ಹೋಗುವ ದಾರಿ ಯಾರಿಗೆ ಎಷ್ಟು ಎಂದು ಅದರಲ್ಲಿ ಬರೆಯಿರಿ. ಮುಂದೆ ಜಗಳ ಹುಟ್ಟುವುದು ಅಲ್ಲೇ.

ಕಳೆದ ದೀಪಾವಳಿಗೆ ಮಗ, ಮಗಳನ್ನು ಕೂರಿಸಿಕೊಂಡು ನಾನು ಮಾತಾಡಿದೆ. ಮೊದಲು ಮಗಳು, "ಅಪ್ಪಾ, ಈಗ್ಯಾಕೆ ಸಾಯುವ ಮಾತು?" ಎಂದು ಮುನಿದಳು. ಊಟದ ಹೊತ್ತಿಗೆ ತನಗೇನು ಬೇಕೆಂದು ಅವಳೇ ಹೇಳಿದಳು. ಅದನ್ನೇ ವಕೀಲರ ಹತ್ತಿರ ಬರೆಸಿದ್ದೇನೆ.

ಇವತ್ತು ಸಂಜೆ ನಿಮ್ಮ ಆರ್‌ಟಿಸಿ ತೆಗೆದು ನೋಡಿ. ಯಾರ ಹೆಸರಿದೆ?